ಗಾಬರಿಗೆ ಒಂದೇ ವಿದ್ಯೆ

ಅವನಿಗೆ ಕೆಂಡ ಅಂತ ಹೆಸರಿಟ್ಟವರು ವೆಲ್ಡಿಂಗ್ ಶೆಡ್ಡಿನವರು. ಬೆಂಕಿಯ ಜೊತೆ ಕೆಲಸ ಮಾಡುತ್ತಾನೆ ಅನ್ನುವುದು ಅರ್ಧ ಕಾರಣ, ಮುಟ್ಟಿದರೆ ಸುಡುತ್ತಾನೆ ಅನ್ನುವುದು ಇನ್ನರ್ಧ. ಎಂಟನೇ ಕ್ಲಾಸಿನಲ್ಲಿ ಲೆಕ್ಕದ ಮೇಷ್ಟ್ರು ‘ನಿನ್ನ ತಲೆಯಲ್ಲಿ ಹೊಟ್ಟು ತುಂಬಿದೆ’ ಅಂದಾಗ ಚೀಲ ಎತ್ತಿಕೊಂಡು ಎದ್ದು ಬಂದವನು ಮತ್ತೆ ಆ ಗೇಟು ದಾಟಿದ್ದಿಲ್ಲ. ಮುಂದೆ ಅದೇ ಶಾಲೆಯ ಗೇಟಿನ ಕೀಲು ಮುರಿದಾಗ ಬೆಸೆದುಕೊಟ್ಟವನೂ ಇವನೇ. ಹೊರಗೆ ನಿಂತುಕೊಂಡೇ ಬೆಸೆದ.

ಅವನನ್ನು ಕೆಂಡ ಅನ್ನದೆ ಇದ್ದವಳು ಅಕ್ಕ ಒಬ್ಬಳೇ. ಅವಳು ‘ಲೋ’ ಅನ್ನುತ್ತಿದ್ದಳು. ಅಷ್ಟಕ್ಕೇ ಅವನ ಸಿಟ್ಟು ಹಾಲಿನ ಉಕ್ಕಿಗೆ ನೀರು ಚಿಮುಕಿಸಿದ ಹಾಗೆ ಇಳಿದುಬಿಡುತ್ತಿತ್ತು.

ಅಮ್ಮ ಹೋದ ಮೇಲೆ ಅವನನ್ನು ಸಾಕಿದ್ದು ಅಕ್ಕ, ಅಕ್ಕನನ್ನು ಸಾಕಿದ್ದು ಅವಳ ಬೈಕು. ಗಲ್ಲಿಗಲ್ಲಿಯ ಕ್ಲಿನಿಕ್ಕುಗಳಲ್ಲಿ ತೆಗೆದ ರಕ್ತದ ಸೀಸೆಗಳನ್ನು ತಣ್ಣನೆಯ ಡಬ್ಬಿಯೊಳಗಿಟ್ಟುಕೊಂಡು ದೊಡ್ಡ ಲ್ಯಾಬಿಗೆ ಮುಟ್ಟಿಸುವುದು ಅವಳ ಕೆಲಸ. ತಡವಾದರೆ ರಕ್ತ ಕೆಡುತ್ತದೆ, ಕುಲುಕಿದರೂ ಕೆಡುತ್ತದೆ. ಹಾಗಾಗಿ ಅವಳು ವೇಗವಾಗಿಯೂ ಹೋಗಬೇಕು, ತೊಟ್ಟಿಲು ತೂಗಿದ ಹಾಗೂ ಹೋಗಬೇಕು. ಊರಿನ ಒಂದೊಂದು ಗುಂಡಿಯೂ ಅವಳಿಗೆ ನೆಂಟರ ಹಾಗೆ ಪರಿಚಯ.

ಅವನಿಗೆ ಗಾಡಿ ಕಲಿಸಿದ್ದೂ ಅವಳೇ. ಗೋದಾಮುಗಳ ಹಿಂದಿನ ಡಾಂಬರಿನ ಅಂಗಳದಲ್ಲಿ, ಅವನನ್ನು ಮುಂದೆ ಕೂರಿಸಿ ತಾನು ಹಿಂದೆ ಕೂತು ಕಲಿಸಿದಳು.

“ಬಲಗೈಯ ಎರಡು ಬೆರಳು ಯಾವಾಗ್ಲೂ ಬ್ರೇಕಿನ ಮೇಲಿರಬೇಕು. ಮಲಗಿರೋ ನಾಯಿ ಮೇಲೆ ಕೈಯಿಟ್ಟ ಹಾಗೆ. ಒತ್ತಬೇಡ, ತೆಗೀಲೂ ಬೇಡ.”

“ಬೆರಳು ನೋಯ್ತಾವೆ ಅಕ್ಕ.”

“ನೋಯ್ಲಿ. ಈ ಎರಡು ಬೆರಳು ನಿನಗೆ ಅನ್ನ ದುಡಿದು ಹಾಕಲ್ಲ. ಅನ್ನ ಉಣ್ಣೋಕೆ ನಿನ್ನನ್ನ ಉಳಿಸ್ತವೆ.”

ಇದ್ದಕ್ಕಿದ್ದಂತೆ ಹಿಂದಿನಿಂದ ‘ಹಸು’ ಅಂತ ಕೂಗುತ್ತಿದ್ದಳು, ಇಲ್ಲವೇ ‘ಮುದುಕಿ’, ‘ಚೆಂಡು’. ಅವನು ಇಲ್ಲದ ಹಸುವಿಗೆ, ಇಲ್ಲದ ಮುದುಕಿಗೆ ಬ್ರೇಕು ಹಿಡಿಯಬೇಕು. ಹಿಡಿದೂ ಹಿಡಿದೂ ಕೊನೆಗೆ ಕೂಗು ಕಿವಿಗೆ ಬೀಳುವ ಮೊದಲೇ ಬೆರಳು ಮಡಚಿಕೊಳ್ಳುವ ಹಾಗಾಯಿತು. ಆ ದಿನ ಅವಳು ಇಳಿದು ಅವನ ಹೆಲ್ಮೆಟ್ಟಿಗೆ ಒಂದು ಮೊಟಕಿ, “ಇನ್ನು ಎಲ್ಲಿಗಾದ್ರೂ ಹಾಳಾಗಿ ಹೋಗು” ಅಂದಳು. ಅದು ಅವಳ ಸರ್ಟಿಫಿಕೇಟು. ಅವನ ಹತ್ತಿರ ಇದ್ದದ್ದು ಅದೊಂದೇ.

ಹಾಗೆ ಕಲಿತವನಿಗೆ ರಸ್ತೆ ಒಗ್ಗಲಿಲ್ಲ. ರಸ್ತೆಯೂ ಶಾಲೆಯ ಹಾಗೇ ಕಂಡಿತು. ಹಿಂದಿನಿಂದ ಒಬ್ಬ ಹಾರ್ನು ಹೊಡೆದು ಅವಸರಿಸುತ್ತಾನೆ, ಪಕ್ಕದಿಂದ ಇನ್ನೊಬ್ಬ ಕಾರಿನ ಗಾಜು ಇಳಿಸಿ ನಿನ್ನ ಅಪ್ಪ ಯಾರು ಅಂತ ಕೇಳುತ್ತಾನೆ, ಎದುರಿಗೆ ಮತ್ತೊಬ್ಬ ಕೈಯಡ್ಡ ಹಿಡಿದು ಕಾಗದ ತೋರಿಸು ಅನ್ನುತ್ತಾನೆ. ತಪ್ಪು ಯಾರದಾದರೂ ಬೈಗುಳ ಮಾತ್ರ ಚಿಕ್ಕ ಗಾಡಿಯವನಿಗೆ. ಇವನು ಸುಮ್ಮನಿರುವ ಪೈಕಿ ಅಲ್ಲ. ಒಮ್ಮೆ ಒಬ್ಬನ ಕಾರಿನ ಕನ್ನಡಿಯನ್ನು ಮೊಣಕೈಯಿಂದ ಮುರಿದ. ಠಾಣೆಗೆ ಬಂದು ಕೈ ಮುಗಿದವಳು ಅಕ್ಕ. ಹೊರಗೆ ಬಂದಾಗ ಅವಳು ಬೈಯಲಿಲ್ಲ. “ಇನ್ನೊಂದು ಸಲ ನನ್ನ ಕೈಲಿ ಕೈ ಮುಗಿಸಬೇಡ ಕಣೋ” ಅಂದಳು. ಬೈದಿದ್ದರೇ ಚೆನ್ನಾಗಿತ್ತು.

ಅಂಥ ದಿನಗಳಲ್ಲೇ ಒಂದು ಬೈಕು ಶೆಡ್ಡಿಗೆ ಬಂತು. ಪಿಕಪ್ಪಿನಲ್ಲಿ ಮಲಗಿಸಿ ತಂದಿದ್ದರು, ಹಿಂದಿನ ಚೌಕಟ್ಟು ಮುರಿದಿತ್ತು. ಮುಂಚಕ್ರ ಹಿಡಿದ, ಕೊಕ್ಕರೆಯ ಕಾಲಿನಂಥ ಉದ್ದನೆಯ ಫೋರ್ಕು, ಗಂಟುಗಂಟಾದ ಟಯರು, ಹಲಗೆಯ ಹಾಗೆ ಸಣಕಲು ಸೀಟು. ದೀಪವಿಲ್ಲ, ನಂಬರಿಲ್ಲ, ಹಾರ್ನಿಲ್ಲ. ಹಾರ್ನಿಲ್ಲದ ಗಾಡಿಯನ್ನು ಅವನು ಅದೇ ಮೊದಲು ನೋಡಿದ್ದು. ಬೆಸೆಯುವ ಮೊದಲು ಒಂದು ಸುತ್ತು ಬಂದು, ಆ ಖಾಲಿ ಜಾಗವನ್ನು ಬೆರಳಿಂದ ಮುಟ್ಟಿ ನೋಡಿದ.

ಗಾಡಿ ತಂದವರು ಮಣ್ಣು ಅಗೆಯುವ ಯಂತ್ರ ಓಡಿಸುವ ದಪ್ಪ ಮನುಷ್ಯ. ಕಲ್ಲು ಮುಗಿದು ಪಾಳುಬಿದ್ದ ಕ್ವಾರಿಯೊಳಗೆ ಅದೇ ಯಂತ್ರದಿಂದ ದಿಬ್ಬ ಎಬ್ಬಿಸಿ, ಹಳ್ಳ ತೋಡಿ, ಮಣ್ಣಿನ ಟ್ರ್ಯಾಕು ಕಟ್ಟಿದ್ದರು. ಅಲ್ಲಿ ಓಡಿಸುವವರೆಲ್ಲ ಅವರನ್ನು ಮಾಸ್ತರು ಅನ್ನುತ್ತಿದ್ದರು. ಇವನ ಬೆಸುಗೆಯನ್ನು ಉಗುರಿನಿಂದ ಗೀರಿ ನೋಡಿ ಮೆಚ್ಚಿಕೊಂಡು, ಬಾ ಒಂದು ದಿನ ಅಂದರು. ಹೋದ.

“ಓಡಿಸ್ತೀಯೇನೋ?”

“ಓಡಿಸೋಕೆ ಬರುತ್ತೆ.”

“ರಸ್ತೇಲಿ ಬರುತ್ತೆ. ಇಲ್ಲಿ ಬಂದ್ರೆ ನಾನು ಮೀಸೆ ಬೋಳಿಸ್ಕೋತೀನಿ.”

ಮೀಸೆಗೆ ಏನೂ ಆಗಲಿಲ್ಲ. ಮೊದಲನೇ ತಿರುವಿನ ಸಡಿಲ ಮರಳಿನಲ್ಲಿ ಮುಂಚಕ್ರ ಸ್ವಲ್ಪ ಅಲುಗಿದ್ದೇ ತಡ, ಎರಡು ಬೆರಳು ತಾವಾಗಿ ಮಡಚಿಕೊಂಡವು. ಚಕ್ರ ನಿಂತಿತು, ಅವನು ನಿಲ್ಲಲಿಲ್ಲ. ಬಾಯಿ ತುಂಬ ಮಣ್ಣು. ಎದ್ದು ಯಾರ ಮೇಲಾದರೂ ಎರಗೋಣ ಅಂತ ಸುತ್ತ ನೋಡಿದ. ಯಾರೂ ಬೈಯುತ್ತಿರಲಿಲ್ಲ. ಅಲ್ಲಿದ್ದವರೆಲ್ಲ ಮಣ್ಣು ಮೆತ್ತಿಕೊಂಡವರೇ. ಒಬ್ಬ ಬಂದು ಗಾಡಿ ಎತ್ತಿಕೊಟ್ಟು, “ರುಚಿ ಹೇಗಿದೆ?” ಅಂತ ಕೇಳಿ ಹೋದ. ಬಿದ್ದವನನ್ನು ನೋಡಿ ಗುಂಪು ಸೇರದ ಜಾಗವೂ ಒಂದಿದೆ ಅಂತ ಅವನಿಗೆ ಗೊತ್ತಾಯಿತು. ಅಲ್ಲಿಗೆ ಅವನ ಕಥೆ ಮುಗಿಯಿತು ಅನ್ನಿ, ಬಲೆಗೆ ಬಿದ್ದ.

ಆದರೆ ಬೀಳುವುದು ನಿಲ್ಲಲಿಲ್ಲ. ಪ್ರತಿ ಸಲವೂ ಅದೇ ತಿರುವು, ಅದೇ ಬೆರಳು. ಮಾಸ್ತರು ಒಂದು ದಿನ ಕರೆಂಟಿನ ಕೆಲಸಕ್ಕೆ ಬಳಸುವ ಕಪ್ಪು ಟೇಪು ತಂದರು. ಅವನ ಬಲಗೈಯ ಬೆರಳುಗಳನ್ನು ಹ್ಯಾಂಡಲಿನ ಹಿಡಿಗೆ ಸೇರಿಸಿ ಸುತ್ತಿಬಿಟ್ಟರು.

“ಬಿದ್ರೆ ಕೈ ಬಿಡಿಸ್ಕೊಳ್ಳೋದು ಹೇಗೆ?”

“ಬೀಳ್ಬೇಡ.”

“ಮುಂದಿನ ಬ್ರೇಕು?”

“ಇಲ್ಲ ಅಂದ್ಕೋ. ಕಾಲಲ್ಲಿ ಹಿಂದಿನದು ಒತ್ತು. ಹಿಂಚಕ್ರ ಜಾರುತ್ತೆ, ಜಾರ್ಲಿ. ಒಳಗಡೆ ಕಾಲು ಚಾಚು, ಹಿಡಿ ತಿರುವಿ ಗ್ಯಾಸು ಕೊಡು. ಹೆದರಿಕೆ ಆದಾಗ ನಿಲ್ಲೋದಲ್ಲ, ಕೊಡೋದು. ಮುಂದಿನದನ್ನ ಆಮೇಲೆ ಹದವಾಗಿ ಕಲಿಸ್ತೀನಿ. ಮೊದ್ಲು ಈ ರೋಗ ಹೋಗ್ಲಿ.”

ರೋಗ ಹೋಯಿತು. ಸೀಟಿನ ಮೇಲೆ ಕೂರದೆ ಕಾಲುಮೆಟ್ಟಿನ ಮೇಲೆ ನಿಂತು, ಮೊಣಕಾಲಿನಲ್ಲಿ ಗಾಡಿಯನ್ನು ಅವುಚಿ, ಅದು ಕೆಳಗೆ ಹೇಗೆ ಒದ್ದಾಡಿದರೂ ಒದ್ದಾಡಲಿ ಅಂತ ಬಿಟ್ಟು, ಕಣ್ಣನ್ನು ದೂರದ ದಿಬ್ಬದ ಮೇಲಿಟ್ಟು ಹೋಗುವುದನ್ನು ಕಲಿತ. ಚಕ್ರ ಜಾರಿದರೆ ಈಗ ಎದೆ ಝಲ್ಲೆನ್ನುತ್ತಿರಲಿಲ್ಲ, ಕುಣಿಯುತ್ತಿತ್ತು. ವಾರವಿಡೀ ಎದೆಯಲ್ಲಿ ಕಟ್ಟಿಕೊಂಡದ್ದೆಲ್ಲ ಆ ಕೆಂಪು ಧೂಳಿನಲ್ಲಿ ಹೊರಗೆ ಹೋಗುತ್ತಿತ್ತು. ಶೆಡ್ಡಿನವರು, ಏನೋ ಕೆಂಡ ಬೂದಿ ಮುಚ್ಚಿಕೊಂಡಿದೆಯಲ್ಲ ಅಂತ ಆಡಿಕೊಂಡರು.

ಬೆರಳಿನ ಚರ್ಮ ಕಿತ್ತುಬಂದಿದ್ದನ್ನು ಅಕ್ಕ ಊಟದ ತಟ್ಟೆಯ ಮುಂದೆ ನೋಡಿದಳು.

“ಏನೋ ಇದು?”

“ಟೇಪು.”

“ಕಳ್ಳನ್ನ ಕಟ್ಟೋ ಹಾಗೆ ಕಟ್ಟಿದ್ನಾ?”

“ಬ್ರೇಕು ಮುಟ್ಟಬಾರ್ದು ಅಂತ. ಮರಳಲ್ಲಿ ಮುಂದಿನ ಬ್ರೇಕು ಹಿಡಿದ್ರೆ ಸತ್ತ ಹಾಗೇ.”

“ರಸ್ತೇಲಿ ಹಿಡೀದಿದ್ರೆ ಸತ್ತ ಹಾಗೆ.”

“ನಾನಿನ್ನು ರಸ್ತೇಲಿ ಓಡಿಸಲ್ಲ ಅಕ್ಕ. ಅವರವರ ಹಾರ್ನು ಅವರೇ ಹೊಡ್ಕೊಂಡು ಸಾಯ್ಲಿ.”

“ಹಾಗಾದ್ರೆ ಶೆಡ್ಡಿಗೆ ಹಾರ್ಕೊಂಡು ಹೋಗ್ತೀಯಾ?”

ಅವನು ನಿಜವಾಗಿಯೇ ತನ್ನ ರಸ್ತೆಯ ಗಾಡಿಯನ್ನು ಮಾರಿ, ಶೆಡ್ಡಿಗೆ ನಡೆದುಕೊಂಡು ಹೋಗತೊಡಗಿದ. ಬದಲಿಗೆ ಬಂದದ್ದು ಯಾರೋ ಓಡಿಸಿ ಬಿಟ್ಟ ಮಣ್ಣಿನ ಗಾಡಿ. ಮೆಟ್ಟಿಲ ಕೆಳಗೆ ಅದನ್ನು ನಿಲ್ಲಿಸಿದಾಗ ಅಕ್ಕ ಸೊಂಟದ ಮೇಲೆ ಕೈಯಿಟ್ಟು ಸುತ್ತ ನೋಡಿದಳು.

“ನಾನೆಲ್ಲಿ ಕೂರ್ಲಿ ಇದ್ರಲ್ಲಿ?”

“ನೀನ್ಯಾಕೆ ಕೂರ್ತೀಯ. ನಿಂಗೆ ನಿನ್ನ ಗಾಡಿ ಇದ್ಯಲ್ಲ.”

“ಅದೂ ಸರೀನೇ” ಅಂದಳು. ಅವಳು ನಕ್ಕಳು, ಆದರೆ ನಗು ಮಾತಿಗಿಂತ ಸ್ವಲ್ಪ ತಡವಾಗಿ ಬಂತು.

ಅವಳು ಅವನಿಗೆ ಮತ್ತೆ ಬುದ್ಧಿ ಹೇಳಲಿಲ್ಲ. ತಾನು ಕಲಿಸಿದ್ದನ್ನು ಯಾರೋ ಟೇಪು ಹಚ್ಚಿ ಕಿತ್ತುಹಾಕಿದರೆ ಎಲ್ಲಿ ನೋವಾಗುತ್ತದೆ ಅಂತ ಆ ವಯಸ್ಸಿನಲ್ಲಿ ಯಾವ ತಮ್ಮನಿಗೂ ತಿಳಿಯುವುದಿಲ್ಲ. ಇವನಿಗೂ ತಿಳಿಯಲಿಲ್ಲ.

ಆಮೇಲೆ ಅಕ್ಕನಿಗೆ ಹಲ್ಲುನೋವು ಬಂತು. ಕೀಳಿಸಿಕೊಂಡು ಬಂದಳು, ಕೆನ್ನೆ ಊದಿತ್ತು, ಕೊಟ್ಟ ಮಾತ್ರೆಗೆ ಕಣ್ಣು ಎಳೆಯುತ್ತಿತ್ತು. ಆದರೆ ರಕ್ತ ಕಾಯುವುದಿಲ್ಲ. ಬೆಳಗಿನ ಸೀಸೆಗಳನ್ನು ಒಟ್ಟುಮಾಡಬೇಕಿತ್ತು.

“ಲೋ, ಇವತ್ತೊಂದಿನ ನೀನು ಓಡ್ಸು. ನಾನು ಹಿಂದೆ ಡಬ್ಬಿ ಹಿಡ್ಕೊಂಡು ಕೂರ್ತೀನಿ. ಈ ನಿದ್ದೆ ಕಣ್ಣಲ್ಲಿ ನನ್ನನ್ನ ನಾನೇ ನಂಬಲ್ಲ.”

ಅವನನ್ನು ನಂಬಿದಳು, ನೋಡಿ.

ಎಲ್ಲ ಕ್ಲಿನಿಕ್ಕೂ ಆಯಿತು. ಡಬ್ಬಿ ತುಂಬಿತು. ಲ್ಯಾಬಿನ ರಸ್ತೆಗೆ ತಿರುಗಿದ ಮೇಲೆ ಬದಿಯಲ್ಲಿ ನಿಂತಿದ್ದ ಒಂದು ವ್ಯಾನಿನ ಬಾಗಿಲು ತೆರೆದುಕೊಂಡಿತು. ಎದೆಗೆ ಬಂದು ಬಡಿಯುವಷ್ಟು ಹತ್ತಿರದಲ್ಲಲ್ಲ. ಎರಡು ಬೆರಳು ಮಡಚಿದ್ದರೆ ಗಾಡಿ ನಿಂತು, ವ್ಯಾನಿನವನಿಗೆ ಎರಡು ಬೈದು ಮುಂದಕ್ಕೆ ಹೋಗುವಷ್ಟು ಜಾಗವಿತ್ತು. ಬೆರಳು ಮಡಚಲಿಲ್ಲ. ನಾಲ್ಕೂ ಹಿಡಿಯನ್ನೇ ಬಿಗಿದವು. ಕಾಲು ಹಿಂದಿನ ಬ್ರೇಕನ್ನು ತುಳಿಯಿತು, ಹಿಂಚಕ್ರ ಜಾರಿತು, ಅವನ ಮೈ ಕಲಿತದ್ದನ್ನೆಲ್ಲ ಚಾಚೂ ತಪ್ಪದೆ ಒಪ್ಪಿಸಿತು. ಕಾಲು ಹೊರಗೆ ಚಾಚಿಕೊಂಡಿತು, ಕೈ ಗ್ಯಾಸು ಕೊಟ್ಟಿತು. ಮಣ್ಣಾಗಿದ್ದರೆ ಮಾಸ್ತರು ಭೇಷ್ ಅನ್ನುತ್ತಿದ್ದರು. ಆದರೆ ಮಣ್ಣು ಜಾರಲು ಬಿಡುತ್ತದೆ, ಡಾಂಬರು ಬಿಡುವುದಿಲ್ಲ. ಜಾರುತ್ತಿದ್ದ ಚಕ್ರವನ್ನು ಗಬಕ್ಕನೆ ಕಚ್ಚಿ ಹಿಡಿಯಿತು. ಗಾಡಿ ಕುದುರೆಯ ಹಾಗೆ ಸೊಂಟ ಎತ್ತಿ ಇಬ್ಬರನ್ನೂ ಎಸೆಯಿತು.

ಅವನಿಗೆ ಮೊಣಕಾಲು ತರಚಿತು, ಅಷ್ಟೇ. ಅಕ್ಕ ಬಲಗೈ ಊರಿ ಬಿದ್ದಿದ್ದಳು. ಕೈಯ ಮೇಲೆ ಗಾಡಿ, ಕೈಯ ಕೆಳಗೆ ಕಲ್ಲಿನ ಅಂಚು. ಡಬ್ಬಿ ಒಡೆದು ಸುತ್ತಲೂ ಕೆಂಪು ಹರಡಿತ್ತು. ಓಡಿ ಬಂದ ಜನ ಅದನ್ನು ನೋಡಿ ಬಾಯಿ ಬಾಯಿ ಬಡಿದುಕೊಂಡರು. ಒಬ್ಬಾಕೆ ತಲೆ ಸುತ್ತಿ ಕೂತೇಬಿಟ್ಟಳು.

“ಅದು ನಂದಲ್ಲಮ್ಮ” ಅಂದಳು ಅಕ್ಕ, ಮಲಗಿದ್ದಲ್ಲಿಂದಲೇ. ಹಲ್ಲು ಕಿತ್ತ ಬಾಯಿಗೆ ಮಾತು ಸರಿಯಾಗಿ ಬರುತ್ತಿರಲಿಲ್ಲ. “ಊರವರದ್ದೆಲ್ಲ. ನಂದು ಒಳಗೇ ಇದೆ. ಲೋ, ಕ್ಲಿನಿಕ್ಕಿಗೆಲ್ಲ ಫೋನು ಮಾಡೋ. ಪಾಪ, ಅವರಿಗೆಲ್ಲ ಇನ್ನೊಂದು ಸಲ ಸೂಜಿ ಚುಚ್ಚಬೇಕು.”

ಆಮೇಲೆ ತನ್ನ ಕೈ ನೋಡಿಕೊಂಡಳು.

ಮಣಿಕಟ್ಟಿಗೆ ತಗಡು ಹಾಕಿ ಸ್ಕ್ರೂ ಹೊಡೆದರು. ಮೂಳೆ ಕೂಡಿತು, ಬೆರಳು ಕೂಡಲಿಲ್ಲ. ಹೆಬ್ಬೆರಳು, ಕಿರುಬೆರಳು ಅಷ್ಟಿಷ್ಟು ಬಾಗುತ್ತಿದ್ದವು. ನಡುವಿನವು ಮರದ ಚಮಚದ ಹಾಗೆ ನಿಂತುಬಿಟ್ಟವು. ಕೊಟ್ಟ ರಬ್ಬರ್ ಚೆಂಡನ್ನು ಅವಳು ಕಿಟಕಿಯ ಪಕ್ಕ ಕೂತು ಹಿಸುಕಲು ನೋಡುತ್ತಿದ್ದಳು. ಚೆಂಡು ಉರುಳಿ ಮಂಚದ ಕೆಳಗೆ ಹೋಗುತ್ತಿತ್ತು. ಅವನು ತೆವಳಿ ತೆಗೆದುಕೊಡುತ್ತಿದ್ದ. ಅವಳು ಇನ್ನು ಗಾಡಿ ಓಡಿಸುವಂತಿಲ್ಲ ಅಂತ ಡಾಕ್ಟರು ಹೇಳಲೇ ಇಲ್ಲ, ಹೇಳುವ ಅಗತ್ಯ ಬೀಳಲಿಲ್ಲ. ಲ್ಯಾಬಿನವರು ಅವಳ ದಾರಿಯನ್ನು ಬೇರೆಯವನಿಗೆ ಕೊಟ್ಟು, ಅವಳನ್ನು ಒಳಗೆ ಕೂರಿಸಿ ಎಡಗೈಯಲ್ಲಿ ಸೀಸೆಗಳಿಗೆ ಚೀಟಿ ಅಂಟಿಸುವ ಕೆಲಸ ಕೊಟ್ಟರು. ಗಾಳಿಗೆ ಮುಖ ಕೊಟ್ಟು ಬದುಕಿದವಳು ಟ್ಯೂಬ್‌ಲೈಟಿನ ಕೆಳಗೆ ಕೂತಳು.

ಕೇಳಿದವರಿಗೆಲ್ಲ ಅವಳದು ಒಂದೇ ಉತ್ತರ. “ವ್ಯಾನಿನವನು ಬಾಗಿಲು ತೆಗ್ದ.” ಕೆಳಗಿನ ಮನೆಯಾಕೆ, “ಅಂಥವರ ಕೈ ಸೇದಿಹೋಗ” ಅಂತ ಶಾಪ ಹಾಕಿದಾಗ ಅವನು ಎದ್ದು ಹೊರಗೆ ಹೋದ.

ಅವನು ಕ್ವಾರಿಗೆ ಹೋದದ್ದು ಹೊಡೆದಾಡುವುದಕ್ಕೇ. ಮಾಸ್ತರು ಯಂತ್ರದಿಂದ ಇಳಿಯುವ ಮೊದಲೇ ಶುರುಮಾಡಿದ.

“ನನ್ನ ಬೆರಳು ಕಟ್ಟಿದವರು ನೀವು. ಆಮೇಲೆ ಕಲಿಸ್ತೀನಿ ಅಂದ್ರಿ. ಎಲ್ಲಿ ಕಲ್ಸಿದ್ರಿ?”

ಮಾಸ್ತರು ಮೆಲ್ಲಗೆ ಇಳಿದರು. ಎಲ್ಲವನ್ನೂ ಕೇಳಿಸಿಕೊಂಡರು. ಅವರ ಮುಖ ಮಣ್ಣಿನ ಹಾಗಾಯಿತು.

“ಕಟ್ಟಿದ್ದು ಹೌದು. ಬೇಗ ಕಲೀಲಿ ಅಂತ ಅಡ್ಡದಾರಿ ಹಿಡಿದೆ, ಅದೂ ಹೌದು. ಆದ್ರೆ ನಾನು ಕಟ್ಟಿದ್ದು ಮರಳಲ್ಲಿ ಕಣಪ್ಪ. ಆ ಮೈ ತಗೊಂಡು ರಸ್ತೆಗೆ ಯಾಕೋ ಹತ್ತಿದೆ, ಹಿಂದೆ ಒಬ್ಬಳನ್ನ ಕೂರಿಸ್ಕೊಂಡು?”

“ಎರಡೂ ಬರುತ್ತೆ ಅಂದ್ಕೊಂಡಿದ್ದೆ.”

“ಬರುತ್ತೆ. ಒಂದು ಮೈಗೆ ಎರಡು ವಿದ್ಯೆ ಬರುತ್ತೆ. ಆದ್ರೆ ಗಾಬರಿಗೆ ಒಂದೇ.”

ಅವನು ಕೈಯೆತ್ತಿದ. ಮಾಸ್ತರು ತಡೆಯಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. ಹೊಡೆಸಿಕೊಳ್ಳುವುದಕ್ಕೆ ನಿಂತವನನ್ನು ಹೊಡೆಯುವುದು ಹೇಗೆ? ಎತ್ತಿದ ಕೈಯನ್ನು ಎಲ್ಲಿಡಬೇಕೋ ತಿಳಿಯದೆ ತಲೆ ಕೆರೆದುಕೊಂಡ. ತನ್ನ ಗಾಡಿಯನ್ನು ಅಲ್ಲೇ ಬಿಟ್ಟು ನಡೆದುಕೊಂಡು ಬಂದ.

ಅಕ್ಕನ ಬೈಕಿನ ಹ್ಯಾಂಡಲನ್ನು ತಾನೇ ಕಾಯಿಸಿ ನೇರ ಮಾಡಿದ. ಹರಿದ ಸೀಟಿಗೆ ಹೊಲಿಗೆ ಹಾಕಿಸಿದ. ಶೆಡ್ಡು ಮುಚ್ಚಿದ ಮೇಲೆ ಗೋದಾಮುಗಳ ಹಿಂದಿನ ಅಂಗಳಕ್ಕೆ ಹೋಗಿ, ತನ್ನಷ್ಟಕ್ಕೆ ತಾನೇ ‘ಹಸು’ ಅಂತ ಕೂಗಿಕೊಂಡು ಬ್ರೇಕು ಹಿಡಿದ. ಗೋದಾಮಿನ ಕಾವಲುಗಾರ, ಇವನಿಗೆ ತಲೆ ಕೆಟ್ಟಿದೆ ಅಂದುಕೊಂಡು ನೀರು ತಂದುಕೊಟ್ಟ. ತಾನೇ ಕೂಗಿದರೆ ಗಾಬರಿಯಾಗುವುದಿಲ್ಲವಲ್ಲ, ಅದಕ್ಕೆ ಆ ಕಾವಲುಗಾರನನ್ನೇ ಬೇಡಿಕೊಂಡು, ಹೇಳದೆ ಕೇಳದೆ ಅಡ್ಡಕ್ಕೆ ಖಾಲಿ ಡಬ್ಬ ಎಸೆಯಲು ಒಪ್ಪಿಸಿದ. ಮೊದಮೊದಲು ಡಬ್ಬಗಳು ಜಜ್ಜಿಹೋದವು. ಬರಬರುತ್ತ ಉಳಿದವು. ಕೊನೆಗೆ ಒಂದೂ ಜಜ್ಜಿಹೋಗಲಿಲ್ಲ.

ಅವನಿಗೆ ಬೇಕಾದದ್ದು ಒಂದೇ. ಅಕ್ಕ ಒಂದು ಸಲ ಹಿಂದೆ ಹತ್ತಿ ಕೂರಬೇಕು. ಕೈ ವಾಪಸು ಕೊಡುವುದು ಅವನಿಂದಾಗದು. ಲ್ಯಾಬಿನ ಬಾಗಿಲ ತನಕ ಅವಳನ್ನು ತೊಟ್ಟಿಲು ತೂಗಿದ ಹಾಗೆ ಕರೆದುಕೊಂಡು ಹೋಗುವುದಾದರೂ ಆಗಬೇಕು. ದಿನಾ ಕೆಳಗೆ ಗಾಡಿ ಒರೆಸಿ ನಿಲ್ಲುತ್ತಿದ್ದ.

“ಬಾ ಅಕ್ಕ, ಬಿಡ್ತೀನಿ.”

“ಬಸ್ಸಿದೆ ಕಣೋ.” ಇನ್ನೊಂದು ದಿನ, “ನಡೆದ್ರೆ ಒಳ್ಳೇದಂತೆ.” ಮತ್ತೊಂದು ದಿನ, “ಬಸ್ಸಲ್ಲಿ ಒಬ್ಬ ಕಂಡಕ್ಟರಿದಾನೆ, ಜೋಕು ಹೊಡೀತಾನೆ.”

ಒಂದು ಬೆಳಿಗ್ಗೆ ಅವನಿಗೆ ತಡೆಯಲಾಗಲಿಲ್ಲ. ಬೀದಿಯಲ್ಲೇ ದನಿ ಎತ್ತಿದ.

“ನೇರವಾಗಿ ಹೇಳು. ನಿಂಗೆ ನನ್ನ ಮೇಲೆ ಸಿಟ್ಟು. ಬಯ್ಯಿ. ಚಪ್ಪಲೀಲಿ ಹೊಡಿ. ವ್ಯಾನಿನವನು, ವ್ಯಾನಿನವನು ಅಂತ ಊರಿಗೆಲ್ಲ ಸುಳ್ಳು ಹೇಳ್ಬೇಡ.”

ಅಕ್ಕ ಮೆಟ್ಟಿಲ ಮೇಲೆ ನಿಂತಿದ್ದಳು.

“ಸುಳ್ಳಲ್ಲ. ಅವನು ತೆಗ್ದಿದ್ದು ನಿಜ.”

“ನಿಲ್ಲಿಸಬಹುದಿತ್ತು.”

“ನಿಲ್ಲಿಸಬಹುದಿತ್ತು” ಅಂದಳು. “ನಿನ್ನ ಭುಜದ ಮೇಲಿಂದ ನೋಡ್ತಾನೇ ಇದ್ದೆ. ಬಾಗಿಲು ನೋಡಿದೆ, ನಿನ್ನ ಕೈ ನೋಡಿದೆ. ಈಗ ಹಿಡೀತಾನೆ, ಈಗ ಹಿಡೀತಾನೆ ಅಂದ್ಕೊಂಡೆ.” ಒಂದು ಮೆಟ್ಟಿಲು ಇಳಿದಳು. “ಸಿಟ್ಟಿತ್ತು. ಆಸ್ಪತ್ರೇಲಿ ಇತ್ತು. ಆ ಚೆಂಡು ಉರುಳಿದಾಗಲೆಲ್ಲ ಇತ್ತು. ಈಗಿಲ್ಲ ಕಣೋ, ನಿನ್ನಾಣೆ. ಹುಡುಕಿದ್ರೂ ಸಿಗಲ್ಲ.”

“ಹಾಗಾದ್ರೆ ಹತ್ತು.”

ಅವಳು ಇಳಿದು ಬಂದಳು. ಚೀಲವನ್ನು ಎಡಭುಜಕ್ಕೆ ಹಾಕಿಕೊಂಡು, ಎಡಗೈಯನ್ನು ಅವನ ಹೆಗಲಿಗೆ ಊರಿ, ಹತ್ತಿ ಕೂತಳು. ಅವನು ಉಸಿರನ್ನೂ ಬಿಗಿಹಿಡಿದು ಗಾಡಿ ಎತ್ತಿದ. ನಡೆಯುವವರೂ ಹಿಂದೆ ಹಾಕಬಹುದಾದಷ್ಟು ನಿಧಾನ. ಬೇಕರಿ ದಾಟಿತು, ಕ್ಷೌರದಂಗಡಿ ದಾಟಿತು. ಬೆನ್ನ ಹಿಂದೆ ಅವಳ ಮೈ ಕಲ್ಲಿನ ಹಾಗಿತ್ತು. ಹಿಂದೆಲ್ಲ ಅವಳು ಕೂತರೆ ಗಾಡಿಗೆ ಭಾರವೇ ತಿಳಿಯುತ್ತಿರಲಿಲ್ಲ. ತಿರುವಿನಲ್ಲಿ ಅವನಿಗಿಂತ ಮೊದಲೇ ಅವಳು ವಾಲಿರುತ್ತಿದ್ದಳು. ಮುಂದೆ ಒಂದು ಆಟೋ ನಿಂತಿತು. ಅವನು ಬ್ರೇಕು ಹಿಡಿದ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹಿಡಿದ. ಆದರೂ ಅವಳ ಎರಡೂ ಕಾಲು ಮೆಟ್ಟಿನಿಂದ ಕಿತ್ತುಕೊಂಡು ನೆಲ ಹುಡುಕಿದವು. ಚಪ್ಪಲಿ ಡಾಂಬರಿಗೆ ಉಜ್ಜಿದ ಸದ್ದು ಅವನಿಗೆ ಕೇಳಿಸಿತು. ಹೆಗಲ ಮೇಲಿನ ಕೈ ಮಾಂಸದೊಳಗೆ ಇಳಿಯಿತು.

“ನಿಲ್ಸು.”

“ನಿಂತಿದೆ ಅಕ್ಕ. ಗಾಡಿ ನಿಂತಿದೆ.”

“ಗೊತ್ತು. ಇಳಿಸ್ಬಿಡು.”

ಇಳಿದು ಪಕ್ಕದ ಬಸ್ ನಿಲ್ದಾಣದ ಕಂಬ ಹಿಡಿದುಕೊಂಡಳು. ಹಣೆಯಲ್ಲಿ ಬೆವರು ಕಿತ್ತುಬಂದಿತ್ತು. ಬೈಯುವುದಕ್ಕೆ ಅವನು ಯಾರನ್ನಾದರೂ ಹುಡುಕಿದ. ಆಟೋದವನು ಸವಾರಿ ಹತ್ತಿಸಿಕೊಂಡು ಹೊರಟುಹೋಗಿದ್ದ.

“ಚೆನ್ನಾಗಿ ಓಡಿಸ್ದೆ” ಅಂದಳು ಅಕ್ಕ. “ನಾನು ಕಲಿಸಿದ್ದಕ್ಕಿಂತ ಚೆನ್ನಾಗಿ. ತಲೆ ಒಪ್ಪುತ್ತೆ ಕಣೋ. ಮೈ ಒಪ್ಪಲ್ಲ. ನಾನೇನು ಮಾಡ್ಲಿ.”

“ನಾಳೆ ಇನ್ನೊಂದು ಸಲ ನೋಡೋಣ. ದಿನಾ ಅಷ್ಟಷ್ಟು ದೂರ.”

“ಬೇಡ.”

“ಅಭ್ಯಾಸ ಆಗುತ್ತೆ ಅಕ್ಕ.”

“ಅದೇ ನಂಗೆ ಹೆದ್ರಿಕೆ. ಅವತ್ತು ಬೀಳ್ಸಿದ್ದೂ ಅಭ್ಯಾಸಾನೇ” ಅಂದಳು. “ಕ್ವಾರಿಗೆ ಹೋಗು. ಮಾಸ್ತರು ಎರಡು ಸಲ ಬಂದು ಕೇಳಿ ಹೋದ್ರು, ನಾನೇ ನಿಂಗೆ ಹೇಳ್ಲಿಲ್ಲ. ಅಲ್ಲಿಂದ ಬಂದಾಗ ನಿನ್ನ ಮುಖ ಮನುಷ್ಯರ ಮುಖದ ಹಾಗಿರ್ತಿತ್ತು.”

“ಹೋಗಲ್ಲ.”

“ಹೋಗದಿದ್ರೆ ನನ್ನ ಕೈ ಸರಿಹೋಗುತ್ತಾ?”

ಬಸ್ಸು ಬಂತು. ಅವಳು ಎಡಗೈಯಲ್ಲಿ ಕಂಬಿ ಹಿಡಿದು ಹತ್ತಿದಳು. ಕಂಡಕ್ಟರು ಏನೋ ಅಂದ, ಅವಳು ನಕ್ಕಳು. ಈ ಸಲ ನಗು ತಡವಾಗಲಿಲ್ಲ. ಅದೇ ಅವನಿಗೆ ತಡೆಯಲಾಗದೆ ಹೋದದ್ದು.

ಶೆಡ್ಡು ಇದ್ದದ್ದು ಇನ್ನೊಂದು ದಿಕ್ಕಿಗೆ, ಆದರೂ ಅವನು ಬಸ್ಸಿನ ಹಿಂದೆ ಹೋದ. ಅದರ ಹೊಗೆ ಕುಡಿಯುತ್ತ, ಒಂದೊಂದು ನಿಲ್ದಾಣದಲ್ಲೂ ನಿಲ್ಲುತ್ತ ಹೋದ. ಮಾರುಕಟ್ಟೆಯ ಹತ್ತಿರ ಬಸ್ಸಿಗೆ ಯಾರೋ ಅಡ್ಡ ಬಂದರು. ಡ್ರೈವರು ಇದ್ದಕ್ಕಿದ್ದಂತೆ ಬ್ರೇಕು ತುಳಿದ. ಒಳಗೆ ನಿಂತಿದ್ದವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು, ಬೈದುಕೊಂಡರು. ಹಿಂದೆ ಇವನ ಗಾಡಿ ಬಸ್ಸಿಗೆ ಇನ್ನೊಂದು ಮೊಳ ಇರುವಾಗ ನಿಂತಿತು. ಅಲುಗಾಡದೆ ನಿಂತಿತು. ಸೀಟಿನ ಮೇಲೆ ತುಂಬಿದ ಲೋಟ ಇಟ್ಟಿದ್ದರೂ ತುಳುಕುತ್ತಿರಲಿಲ್ಲ.

ಯಾರೂ ನೋಡಲಿಲ್ಲ. ಬಸ್ಸು ಹೊರಟಿತು, ಹಿಂದಿನವರು ಹಾರ್ನು ಹೊಡೆದರು, ಅವನೂ ಹೊರಟ.